ಎರಡು ಜನರೇಟರ್, ಒಂದೇ ಬಸ್: ಡಿಜಿ ಸೆಟ್‌ಗಳನ್ನು ಸಿಂಕ್ ಮಾಡುವ ಸಮಗ್ರ ಮಾರ್ಗದರ್ಶಿ

ಸಿಂಧನೂರು ಹತ್ತಿರದ ಒಂದು ಅಕ್ಕಿ ಗಿರಣಿಗೆ ನಾನು ಹೆಲ್ಪರ್ ಆಗಿ ಸೇರಿದಾಗ ಅಲ್ಲಿ ಎರಡು ಡಿಜಿ ಸೆಟ್ (ಡೀಸೆಲ್ ಜನರೇಟರ್) ಇದ್ದವು. ಒಂದು 250 ಕೆವಿಎ, ಇನ್ನೊಂದು 125. ಹಗಲು ಪೂರ್ತಿ ಗಿರಣಿ ಓಡುವಾಗ ಎರಡೂ ಬೇಕು. ರಾತ್ರಿ ಬರೀ ಡ್ರೈಯರ್ ಮತ್ತು ಎಲಿವೇಟರ್ ಓಡುವಾಗ 60 ಕಿಲೋವ್ಯಾಟ್ ಸಾಕು. ಅಷ್ಟಕ್ಕೆ ದೊಡ್ಡ ಸೆಟ್ ಓಡಿಸಿದರೆ ಡೀಸೆಲ್ ದಂಡ. ಎಂಜಿನ್‌ಗೂ ಒಳ್ಳೆಯದಲ್ಲ. ಆಗ ಚಿಕ್ಕ ಸೆಟ್ಟನ್ನು ಬಸ್‌ಗೆ (ಎಲ್ಲ ಲೋಡ್‌ಗೂ ಕರೆಂಟ್ ಹಂಚುವ ಪ್ಯಾನೆಲ್‌ನ ದಪ್ಪ ಪಟ್ಟಿಗಳಿಗೆ) ತಂದು ದೊಡ್ಡದನ್ನು ಇಳಿಸಬೇಕು. ನಡುವೆ ಒಂದು ಕ್ಷಣವೂ ಕರೆಂಟ್ ಹೋಗಬಾರದು. ಕುದಿಸಿದ ಭತ್ತ ಡ್ರೈಯರ್‌ನಲ್ಲಿ ಅರ್ಧಕ್ಕೆ ನಿಂತರೆ ಅಕ್ಕಿಗೆ ಬಣ್ಣ ಬರುತ್ತದೆ, ವಾಸನೆ ಬರುತ್ತದೆ.

ಈ ಕೆಲಸಕ್ಕೇ ಸಿಂಕ್ ಬೇಕು, ಅಂದರೆ ಎರಡು ಸೆಟ್‌ನ ಕರೆಂಟಿನ ತಾಳ ಕೂಡಿಸಿ ಒಂದೇ ಬಸ್‌ಗೆ ಸೇರಿಸುವುದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದಿನಾ ಮಾಡುವ ಸಿಂಕ್‌ನಲ್ಲಿ ಸೆಟ್ ಕೆಡುವುದು ಕಡಿಮೆ. ರಿಪೇರಿ ಆಗಿ ಬಂದ ಮೇಲೆ ಮಾಡುವ ಮೊದಲ ಸಿಂಕ್ ಇದೆಯಲ್ಲ, ಅದೇ ಅಪಾಯದ್ದು. ನನ್ನ ಕಣ್ಣೆದುರೇ ಅದು ಆಗಿದೆ. ಮುಂದೆ ಹೇಳುತ್ತೇನೆ.

ನಾಲ್ಕು ವಿಷಯ ಕೂಡಬೇಕು

ಓಡುತ್ತಿರುವ ಬಸ್‌ಗೆ ಇನ್ನೊಂದು ಸೆಟ್ ಸೇರಿಸುವ ಮುಂಚೆ ನಾಲ್ಕು ನೋಡಬೇಕು: ಫೇಸ್ ಸೀಕ್ವೆನ್ಸ್, ವೋಲ್ಟೇಜ್, ಫ್ರೀಕ್ವೆನ್ಸಿ ಮತ್ತು ಫೇಸ್ ಕೋನ.

ಫೇಸ್ ಸೀಕ್ವೆನ್ಸ್ ಅಂದರೆ ಮೂರು ಫೇಸ್‌ಗಳಾದ ಆರ್, ವೈ, ಬಿ ಬರುವ ಸರದಿ. ಇದರಲ್ಲಿ ಹೆಚ್ಚು ಕಡಿಮೆ ಅನ್ನುವುದಿಲ್ಲ. ಸರಿ ಇದೆ, ಇಲ್ಲವೇ ತಪ್ಪಿದೆ. ಉಳಿದ ಮೂರರಲ್ಲಿ ಸ್ವಲ್ಪ ಸಡಿಲ ಇದೆ. ವೋಲ್ಟೇಜ್ ವ್ಯತ್ಯಾಸ ಶೇಕಡಾ 5ರ ಒಳಗಿರಲಿ. 415 ವೋಲ್ಟ್ ಬಸ್‌ಗೆ ಅದು ಸುಮಾರು 20 ವೋಲ್ಟ್. ಕೈಯಿಂದ ಮಾಡುವಾಗ 4-5 ವೋಲ್ಟ್‌ಗೆ ತಂದುಬಿಡಬಹುದು, ಕಷ್ಟವೇನಲ್ಲ. ಫ್ರೀಕ್ವೆನ್ಸಿ ವ್ಯತ್ಯಾಸ 0.1ರಿಂದ 0.2 ಹರ್ಟ್ಜ್ ಒಳಗೆ, ಕೋನ 10 ಡಿಗ್ರಿ ಒಳಗೆ.

ಕೋನ ಅಂದರೆ ಎರಡೂ ಕಡೆಯ ವೋಲ್ಟೇಜ್ ಏರಿಳಿತದಲ್ಲಿ ಒಂದು ಇನ್ನೊಂದಕ್ಕಿಂತ ಎಷ್ಟು ಹಿಂದೆ ಮುಂದೆ ಇದೆ ಅನ್ನುವುದು. ಅದು ಯಾಕಿಷ್ಟು ಮುಖ್ಯ? ಲೆಕ್ಕ ಹಾಕಿ ನೋಡೋಣ. ಎರಡೂ ಕಡೆ ಫೇಸ್ ವೋಲ್ಟೇಜ್ 240 ಇದ್ದು ಕೋನ 10 ಡಿಗ್ರಿ ತಪ್ಪಿದ್ದರೆ, ತೆರೆದ ಬ್ರೇಕರ್‌ನ (ಸೆಟ್ಟನ್ನು ಬಸ್‌ಗೆ ಸೇರಿಸುವ ದೊಡ್ಡ ಸ್ವಿಚ್‌ನ) ಎರಡು ತುದಿಗಳ ನಡುವೆ ಸುಮಾರು 42 ವೋಲ್ಟ್ ಇರುತ್ತದೆ. 60 ಡಿಗ್ರಿ ತಪ್ಪಿದರೆ ಪೂರ್ತಿ 240. 180 ಡಿಗ್ರಿ ತಪ್ಪಿದರೆ 480. ಆ 480 ವೋಲ್ಟಿನಲ್ಲಿ ಬ್ರೇಕರ್ ಹಾಕಿದರೆ ಶಾರ್ಟ್ ಸರ್ಕ್ಯೂಟ್‌ಗಿಂತ ಜಾಸ್ತಿ ಕರೆಂಟ್ ಹರಿಯಬಹುದು. ಬಸ್ ಆ ರೋಟರನ್ನು ಒಂದೇ ಏಟಿಗೆ ತನ್ನ ಜಾಗಕ್ಕೆ ಎಳೆದುಕೊಳ್ಳುತ್ತದೆ. ಆ ಹೊಡೆತ ಕಪ್ಲಿಂಗ್‌ಗೆ, ಕ್ರ್ಯಾಂಕ್‌ಶಾಫ್ಟ್‌ಗೆ, ವೈಂಡಿಂಗ್‌ನ ತುದಿಗಳಿಗೆ ಬೀಳುತ್ತದೆ.

ಈ ನಿಯಮ ಗಿರಣಿಗೆ ಮಾತ್ರ ಅಲ್ಲ. ಶಕ್ತಿನಗರದ ರಾಯಚೂರು ಉಷ್ಣ ವಿದ್ಯುತ್ ಸ್ಥಾವರದ (ಆರ್‌ಟಿಪಿಎಸ್) 210 ಮೆಗಾವ್ಯಾಟ್ ಯೂನಿಟ್ ಕೂಡ ಗ್ರಿಡ್‌ಗೆ ಸೇರುವಾಗ ಇದೇ ನಾಲ್ಕನ್ನು ನೋಡುತ್ತದೆ. ರಾಯಚೂರಿನವರಿಗೆ ಇನ್ನೊಂದು ಹೆಮ್ಮೆಯ ವಿಷಯವಿದೆ. 2013ರ ಡಿಸೆಂಬರ್ 31ರಂದು ದಕ್ಷಿಣದ ಗ್ರಿಡ್ಡನ್ನು ದೇಶದ ಉಳಿದ ಗ್ರಿಡ್‌ಗೆ ಸಿಂಕ್ ಮಾಡಿದ್ದು ರಾಯಚೂರು–ಸೋಲಾಪುರ 765 ಕೆವಿ ಲೈನ್ ಮೂಲಕ. ಅದಕ್ಕೆ ಮುಂಚೆ ದಕ್ಷಿಣಕ್ಕೆ ಒಂದು ಫ್ರೀಕ್ವೆನ್ಸಿ, ಉಳಿದ ದೇಶಕ್ಕೆ ಇನ್ನೊಂದು. ಇಡೀ ದೇಶ ಒಂದೇ ಫ್ರೀಕ್ವೆನ್ಸಿಯಲ್ಲಿ ಓಡಲು ಶುರುವಾದ ಗಂಟು ನಮ್ಮೂರ ಹತ್ತಿರವೇ ಬಿದ್ದದ್ದು.

ಶುರು ಮಾಡುವ ಮುಂಚೆ

ಇದನ್ನು ಓದಿಕೊಂಡು ಒಬ್ಬರೇ ಪ್ಯಾನೆಲ್ ಮುಂದೆ ನಿಲ್ಲಬೇಡಿ. ಲೈಸೆನ್ಸ್ ಇರುವ ಸೂಪರ್‌ವೈಸರ್ ಪಕ್ಕದಲ್ಲಿರಲಿ. ರಬ್ಬರ್ ಮ್ಯಾಟ್, ಕೈಗವಸು, ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಈ ಬರಹ ಸೆಟ್‌ಗೆ ಸೆಟ್ ಜೋಡಿಸುವುದರ ಬಗ್ಗೆ ಮಾತ್ರ. ಜೆಸ್ಕಾಂ (ನಮ್ಮ ಭಾಗದ ವಿದ್ಯುತ್ ಕಂಪನಿ) ಲೈನ್ ಜೊತೆ ಪ್ಯಾರಲಲ್ ಮಾಡುವುದು ಬೇರೆಯೇ ವಿಷಯ. ಅದಕ್ಕೆ ಜೆಸ್ಕಾಂ ಮತ್ತು ವಿದ್ಯುತ್ ಪರಿವೀಕ್ಷಣಾಲಯದ ಒಪ್ಪಿಗೆ ಬೇಕು, ಬೇರೆ ರಿಲೇಗಳು ಬೇಕು. ಲೈನ್ ಬ್ರೇಕರ್ ಮತ್ತು ಡಿಜಿ ಬ್ರೇಕರ್ ನಡುವಿನ ಇಂಟರ್‌ಲಾಕ್ (ಎರಡೂ ಒಟ್ಟಿಗೆ ಕೂಡದಂತೆ ತಡೆಯುವ ವ್ಯವಸ್ಥೆ) ಕಿತ್ತಿಟ್ಟ ಪ್ಯಾನೆಲ್‌ನಲ್ಲಿ ಕೆಲಸವನ್ನೇ ಮಾಡಬೇಡಿ. ಕರೆಂಟ್ ಹೋಗಿದೆ ಅಂತ ಲೈನ್‌ಮ್ಯಾನ್ ಕಂಬ ಹತ್ತಿರುತ್ತಾನೆ. ನಿಮ್ಮ ಸೆಟ್‌ನ ಕರೆಂಟ್ ಹಿಂದಕ್ಕೆ ಹೋಗಿ ಟ್ರಾನ್ಸ್‌ಫಾರ್ಮರ್ ಮೂಲಕ 11 ಕೆವಿ ಆಗಿ ಅವನ ಕೈಗೆ ಸಿಗುತ್ತದೆ.

ಸೆಟ್‌ಗಳು ಜೋಡಿಗೆ ತಕ್ಕವೇ ಅಂತಲೂ ನೋಡಿ. ಆಲ್ಟರ್ನೇಟರ್‌ನ (ಸೆಟ್‌ನಲ್ಲಿ ಕರೆಂಟ್ ಹುಟ್ಟಿಸುವ ಭಾಗದ) ಎವಿಆರ್‌ಗೆ, ಅಂದರೆ ವೋಲ್ಟೇಜ್ ಕಾಯುವ ಸಾಧನಕ್ಕೆ, ಡ್ರೂಪ್ ಸಿಟಿ (ಸೆಟ್‌ನ ಕರೆಂಟ್ ಎಷ್ಟಿದೆ ಅಂತ ಎವಿಆರ್‌ಗೆ ತಿಳಿಸುವ ಚಿಕ್ಕ ಟ್ರಾನ್ಸ್‌ಫಾರ್ಮರ್) ಜೋಡಿಸುವ ಟರ್ಮಿನಲ್ ಇರಬೇಕು. ಕೆಲವು ಸಾದಾ ಎವಿಆರ್‌ಗಳಲ್ಲಿ ಅದು ಇರುವುದೇ ಇಲ್ಲ. ಒಂಟಿಯಾಗಿ ಓಡುವಾಗ ಚೆನ್ನಾಗಿಯೇ ಇರುತ್ತವೆ, ಜೋಡಿ ಮಾಡಿದ ಕೂಡಲೇ ಜಗಳ ಶುರು. ಬ್ರೇಕರ್ ಸ್ಪ್ರಿಂಗ್ ಚಾರ್ಜ್ ಆಗುವ ಎಸಿಬಿ ಆಗಿದ್ದರೆ ಒಳ್ಳೆಯದು. ಗುಂಡಿ ಒತ್ತಿದ ಕೂಡಲೇ ಬೀಳುತ್ತದೆ, ಅಂದರೆ ಕೂಡಿಕೊಳ್ಳುತ್ತದೆ. ಹಿಡಿಕೆ ಎತ್ತಿ ಹಾಕುವ ಎಂಸಿಸಿಬಿಯಲ್ಲಿ ಯಾವ ಕ್ಷಣಕ್ಕೆ ಕಾಂಟ್ಯಾಕ್ಟ್ ಕೂಡಿತು ಅಂತ ಯಾರ ಕೈಗೂ ಗೊತ್ತಾಗುವುದಿಲ್ಲ.

ರಿಪೇರಿ ಆದ ಮೇಲಿನ ಮೊದಲ ಸಿಂಕ್

ನಮ್ಮ 125ರ ಆಲ್ಟರ್ನೇಟರ್ ಒಮ್ಮೆ ರೀವೈಂಡಿಂಗ್‌ಗೆ ಹೋಗಿ ಬಂತು. ಕೇಬಲ್ ಬಿಚ್ಚುವಾಗ ಯಾರೂ ಗುರುತು ಹಾಕಿರಲಿಲ್ಲ. ಎಲ್ಲಾ ಕಪ್ಪು ಕೇಬಲ್, ಬಣ್ಣದ ಟೇಪ್ ಬಿಸಿಗೆ ಉದುರಿಹೋಗಿತ್ತು. ವಾಪಸ್ ಕಟ್ಟಿದವರು ಎರಡು ಫೇಸ್ ಅದಲುಬದಲು ಮಾಡಿದ್ದರು. ಒಂಟಿಯಾಗಿ ಓಡಿಸಿ ನೋಡಿದರು. ವೋಲ್ಟೇಜ್ ಸರಿ, ಫ್ರೀಕ್ವೆನ್ಸಿ ಸರಿ. ಲೋಡ್ ಮೇಲೆ ಬರೀ ಲೈಟು ಹಾಕಿದ್ದರಿಂದ ಯಾವ ಮೋಟಾರೂ ಉಲ್ಟಾ ತಿರುಗಿ ಸುಳಿವು ಕೊಡಲಿಲ್ಲ.

ಆವತ್ತು ಸಂಜೆ ಸಿಂಕ್. ನಮ್ಮ ಪ್ಯಾನೆಲ್‌ನಲ್ಲಿ ಬ್ರೇಕರ್‌ನ ಎರಡು ತುದಿಗಳ ನಡುವೆ, ಫೇಸ್‌ಗೊಂದರಂತೆ, ಮೂರು ಲ್ಯಾಂಪ್ ಇದ್ದವು. ಎರಡೂ ಕಡೆಯ ವೋಲ್ಟೇಜ್ ಕೂಡಿದಾಗ ಅವು ಆರುತ್ತವೆ. ದಿನಾ ಮೂರೂ ಒಟ್ಟಿಗೆ ಉರಿದು ಒಟ್ಟಿಗೆ ಆರುತ್ತಿದ್ದವು. ಆವತ್ತು ಒಂದಾದ ಮೇಲೆ ಒಂದು, ಸುತ್ತು ಹಾಕಿದ ಹಾಗೆ ಉರಿಯುತ್ತಿದ್ದವು. ನಾನು ಬಾಗಿಲಲ್ಲಿ ಡೀಸೆಲ್ ಕ್ಯಾನ್ ಹಿಡಿದು ನಿಂತಿದ್ದೆ. ವಿಚಿತ್ರ ಅನ್ನಿಸಿತು, ಆದರೆ ಹೇಳಲು ಧೈರ್ಯ ಬರಲಿಲ್ಲ. ಆಪರೇಟರ್ ಒಂದು ಲ್ಯಾಂಪ್ ಆರಿದ್ದು ನೋಡಿ ಬ್ರೇಕರ್ ಒತ್ತಿದ. ನೆಲ ಅದುರಿತು. ಎರಡೂ ಸೆಟ್ ಟ್ರಿಪ್. ಕತ್ತಲಲ್ಲಿ ಸುಟ್ಟ ರಬ್ಬರ್ ವಾಸನೆ. ಬೆಳಿಗ್ಗೆ ಗಾರ್ಡ್ ಬಿಚ್ಚಿದಾಗ ಕಪ್ಲಿಂಗ್‌ನ ರಬ್ಬರ್ ತುಂಡುಗಳು ಅಂಗೈಗೆ ಉದುರಿದವು. ಬಸ್‌ಬಾರ್ ಹಿಡಿದಿದ್ದ ಒಂದು ಇನ್ಸುಲೇಟರ್ ಸೀಳಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಅಷ್ಟೇ ಪುಣ್ಯ.

ಹಾಗಾಗಿ ಕೇಬಲ್, ವೈಂಡಿಂಗ್, ಬ್ರೇಕರ್, ಪಿಟಿ (ಮೀಟರ್‌ಗಳಿಗೆ ವೋಲ್ಟೇಜ್ ಇಳಿಸಿ ಕೊಡುವ ಚಿಕ್ಕ ಟ್ರಾನ್ಸ್‌ಫಾರ್ಮರ್) ವೈರಿಂಗ್ ಇವುಗಳಲ್ಲಿ ಯಾವುದನ್ನು ಮುಟ್ಟಿದ್ದರೂ ಮೊದಲ ಸಿಂಕ್‌ಗೆ ಮುಂಚೆ ಹೀಗೆ ಮಾಡಿ.

ಮೊದಲು ಫೇಸ್ ಸೀಕ್ವೆನ್ಸ್ ಮೀಟರ್ ಹಿಡಿಯಿರಿ. ಬ್ರೇಕರ್ ತೆರೆದೇ ಇರಲಿ. ಬಸ್ ಕಡೆ ಒಮ್ಮೆ, ಸೆಟ್ ಕಡೆ ಒಮ್ಮೆ, ಅದೇ ಬಣ್ಣದ ವೈರ್ ಅದೇ ಫೇಸ್‌ಗೆ. ಎರಡೂ ಕಡೆ ಒಂದೇ ದಿಕ್ಕು ತೋರಿಸಬೇಕು. ತಪ್ಪಿದ್ದರೆ ಸೆಟ್ ನಿಲ್ಲಿಸಿ, ಬ್ಯಾಟರಿ ಬಿಚ್ಚಿ, ಬ್ರೇಕರ್ ಲಾಕ್ ಮಾಡಿ, ಯಾವುದಾದರೂ ಎರಡು ಫೇಸ್ ಅದಲುಬದಲು ಮಾಡಿ. ಆಮೇಲೆ ಇನ್ನೊಮ್ಮೆ ನೋಡಿ.

ಸೀಕ್ವೆನ್ಸ್ ಸರಿ ಇದ್ದರೂ ಫೇಸ್ ತಪ್ಪಿರಬಹುದು. ಮೂರೂ ಫೇಸ್ ಒಂದೊಂದು ಮನೆ ಮುಂದೆ ಸರಿದಿದ್ದರೆ ಸೀಕ್ವೆನ್ಸ್ ಮೀಟರ್‌ಗೆ ಅದು ಕಾಣುವುದಿಲ್ಲ. ಸಿಂಕ್ರೊಸ್ಕೋಪ್ ಅಂದರೆ ಎರಡೂ ಕಡೆಯ ಕೋನದ ವ್ಯತ್ಯಾಸವನ್ನು ಗಡಿಯಾರದ ಮುಳ್ಳಿನ ಹಾಗೆ ತೋರಿಸುವ ಮೀಟರ್, ಕೋನ ಕೂಡಿದಾಗ ಮುಳ್ಳು 12ಕ್ಕೆ ಬರುತ್ತದೆ. ಅದರ ವೈರಿಂಗ್ ತಪ್ಪಿದ್ದರೆ ಅದೂ ತಪ್ಪಾದ ಜಾಗದಲ್ಲೇ 12 ಗಂಟೆ ತೋರಿಸುತ್ತದೆ. ಇದನ್ನು ಹಿಡಿಯಲು ಒಂದು ಒಳ್ಳೆಯ ಪರೀಕ್ಷೆ ಇದೆ. ಆಲ್ಟರ್ನೇಟರ್ ಬಾಕ್ಸ್‌ನಲ್ಲಿ ಆ ಸೆಟ್‌ನ ಕೇಬಲ್ ಬಿಚ್ಚಿ ತುದಿಗಳನ್ನು ಭದ್ರ ಮಾಡಿ. ಆಮೇಲೆ ಇನ್ನೊಂದು ಸೆಟ್‌ನಿಂದ ಬಸ್‌ಗೆ ಕರೆಂಟ್ ಕೊಟ್ಟು, ಈ ಬ್ರೇಕರ್ ಹಾಕಿ. ಈಗ ಬ್ರೇಕರ್‌ನ ಎರಡೂ ಕಡೆ ಒಂದೇ ಕರೆಂಟ್. ಸಿಂಕ್ರೊಸ್ಕೋಪ್ ನೆಟ್ಟಗೆ 12ಕ್ಕೆ ನಿಲ್ಲಬೇಕು, ಲ್ಯಾಂಪ್ ಮೂರೂ ಆರಿರಬೇಕು. ಇಲ್ಲದಿದ್ದರೆ ಮೀಟರ್ ವೈರಿಂಗೇ ತಪ್ಪು.

ಕೇಬಲ್ ವಾಪಸ್ ಕಟ್ಟಿದ ಮೇಲೆ ಕೊನೆಯದು ಮಲ್ಟಿಮೀಟರ್. ಸೆಟ್ ಓಡಿಸಿ, ಬ್ರೇಕರ್ ತೆರೆದಿಟ್ಟು, ಆರ್‌ನಿಂದ ಆರ್‌ಗೆ, ವೈನಿಂದ ವೈಗೆ, ಬಿಯಿಂದ ಬಿಗೆ ಅಳೆಯಿರಿ. ಎರಡೂ ಕಡೆಯ ನ್ಯೂಟ್ರಲ್ ಕೂಡಿರಬೇಕು, ಇಲ್ಲದಿದ್ದರೆ ಈ ಅಳತೆಗೆ ಅರ್ಥವಿಲ್ಲ. ಸಿಂಕ್ರೊಸ್ಕೋಪ್ ಮುಳ್ಳು 12ಕ್ಕೆ ಬಂದಾಗಲೆಲ್ಲ ಮೂರೂ ಕಡೆ ವೋಲ್ಟೇಜ್ ಸೊನ್ನೆ ಹತ್ತಿರ ಬಿದ್ದರೆ ಮಾತ್ರ ಮುಂದೆ ಹೋಗಿ. ಮೀಟರ್ 1000 ವೋಲ್ಟ್ ತಾಳುವಂಥದ್ದಿರಲಿ.

ಲ್ಯಾಂಪ್ ಬಗ್ಗೆ ಎರಡು ಮಾತು

ಲ್ಯಾಂಪ್ ಮೇಲೆ 480 ವೋಲ್ಟ್ ತನಕ ಬರುವುದರಿಂದ ಪ್ರತಿ ಫೇಸ್‌ಗೂ 230 ವೋಲ್ಟಿನ ಎರಡು ಬಲ್ಬ್ ಸೀರೀಸ್‌ನಲ್ಲಿ ಹಾಕಬೇಕು. ತಂತಿ ಇರುವ ಹಳೆಯ ಬಲ್ಬೇ ಬೇಕು. ಎಲ್‌ಇಡಿ ಹಾಕಬೇಡಿ. ಕಡಿಮೆ ವೋಲ್ಟೇಜ್‌ನಲ್ಲೂ ಅದು ಉರಿಯುತ್ತದೆ, ಇಲ್ಲಾ ತಟ್ಟನೆ ಆರುತ್ತದೆ. ಏರಿಳಿತ ಗೊತ್ತಾಗುವುದೇ ಇಲ್ಲ.

ಲ್ಯಾಂಪ್ ಆರಿತು ಅಂದರೆ ವೋಲ್ಟೇಜ್ ಸೊನ್ನೆ ಅಂತಲೂ ಅಲ್ಲ. 20 ಡಿಗ್ರಿ ತಪ್ಪಿದ್ದಾಗ ಒಂದೊಂದು ಬಲ್ಬಿಗೆ ಸುಮಾರು 42 ವೋಲ್ಟ್ ಸಿಗುತ್ತದೆ. ತಂತಿ ಮಂದ ಕೆಂಪಗಿರುತ್ತದೆ. ರಾಯಚೂರಿನ ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಪ್ಯಾನೆಲ್ ಮೇಲೆ ಬಿದ್ದಿದ್ದರೆ ಆ ಕೆಂಪು ಕಾಣುತ್ತದಾ? ಅದಕ್ಕೇ ಆರಿದ ಹೊತ್ತಿನ ನಟ್ಟನಡುವೆ ಬ್ರೇಕರ್ ಹಾಕಬೇಕು. ಆರಿದ ಕೂಡಲೇ ಅಲ್ಲ. ಸಿಂಕ್ರೊಸ್ಕೋಪ್ ಇದ್ದರೆ ಅದನ್ನೇ ನಂಬಿ, ಲ್ಯಾಂಪ್ ಸಾಕ್ಷಿಗಿರಲಿ.

ಈಗ ಸಿಂಕ್: ಹೆಜ್ಜೆ ಹೆಜ್ಜೆಯಾಗಿ

ಹೆಜ್ಜೆ 1. ದೊಡ್ಡ ಸೆಟ್ ಓಡಿಸಿ ಖಾಲಿ ಬಸ್‌ಗೆ ಹಾಕಿ. ಇದಕ್ಕೆ ಸಿಂಕ್ ಬೇಡ. ಆದರೆ ಬಸ್ ನಿಜವಾಗಿ ಖಾಲಿಯೇ ಅಂತ ವೋಲ್ಟ್‌ಮೀಟರ್ ನೋಡಿ. ಇಬ್ಬರು ಆಪರೇಟರ್ ಒಂದೇ ಹೊತ್ತಿಗೆ ಎರಡು ಸೆಟ್ಟನ್ನು ಖಾಲಿ ಬಸ್‌ಗೆ ಹಾಕಿದರೆ ಸಿಂಕ್ ಇಲ್ಲದೆ ಎರಡೂ ಡಿಕ್ಕಿ ಹೊಡೆಯುತ್ತವೆ.

ಹೆಜ್ಜೆ 2. ಚಿಕ್ಕ ಸೆಟ್ ಸ್ಟಾರ್ಟ್ ಮಾಡಿ. ನಾಲ್ಕೈದು ನಿಮಿಷ ಲೋಡ್ ಇಲ್ಲದೆ ಬಿಸಿಯಾಗಲಿ. ಆಯಿಲ್ ಪ್ರೆಶರ್, ನೀರಿನ ಬಿಸಿ, ಬ್ಯಾಟರಿ ನೋಡಿ.

ಹೆಜ್ಜೆ 3. ಎವಿಆರ್ ಪಾಟ್ (ತಿದ್ದಲು ಇರುವ ತಿರುಗಿಸುವ ಗುಂಡಿ) ತಿರುಗಿಸಿ ವೋಲ್ಟೇಜ್ ಕೂಡಿಸಿ. ಬಸ್ 412 ಇದ್ದರೆ ಇದೂ 412 ಇರಲಿ, 413-414 ಆದರೂ ಪರವಾಗಿಲ್ಲ. ಬಸ್‌ಗಿಂತ ಕಡಿಮೆ ಬೇಡ.

ಹೆಜ್ಜೆ 4. ಸಿಂಕ್ರೊಸ್ಕೋಪ್ ಸ್ವಿಚ್ ಹಾಕಿ. ಮುಳ್ಳು ಗಡಿಯಾರದ ದಿಕ್ಕಿಗೆ ತಿರುಗಿದರೆ ಬರುವ ಸೆಟ್ ಜೋರಾಗಿದೆ. ಉಲ್ಟಾ ತಿರುಗಿದರೆ ನಿಧಾನ. ಗವರ್ನರ್ (ಎಂಜಿನ್ ವೇಗ ಕಾಯುವ ಸಾಧನ) ಪಾಟ್‌ನಿಂದ ತಿದ್ದಿ, ಮುಳ್ಳು ಗಡಿಯಾರದ ದಿಕ್ಕಿಗೆ 10 ಸೆಕೆಂಡಿಗೆ ಒಂದು ಸುತ್ತು ಹೋಗುವಂತೆ ಮಾಡಿ. ಅಂದರೆ ಬರುವ ಸೆಟ್ 0.1 ಹರ್ಟ್ಜ್ ಮುಂದಿದೆ. ಸ್ವಲ್ಪ ಜೋರಿರುವ ಸೆಟ್ ಸೇರಿದ ಕೂಡಲೇ ಲೋಡ್ ಹೊರುತ್ತದೆ. ನಿಧಾನ ಇರುವ ಸೆಟ್ ಸೇರಿದರೆ ಬಸ್‌ನಿಂದಲೇ ಕರೆಂಟ್ ಎಳೆದು ಮೋಟಾರ್ ಆಗಿಬಿಡುತ್ತದೆ.

ಹೆಜ್ಜೆ 5. ಒತ್ತುವ ಕ್ಷಣ. 12ಕ್ಕೆ 5 ನಿಮಿಷ ಇರುವಾಗ ಒತ್ತು ಅಂತ ಹಳಬರು ಹೇಳುತ್ತಾರೆ. ಅದು ಮುಳ್ಳಿನ ವೇಗದ ಮೇಲೆ ಹೋಗುತ್ತದೆ. 10 ಸೆಕೆಂಡಿಗೆ ಒಂದು ಸುತ್ತು ಅಂದರೆ ಸೆಕೆಂಡಿಗೆ 36 ಡಿಗ್ರಿ. ಕಣ್ಣು ನೋಡಿ ಬೆರಳು ಒತ್ತಲು ಸುಮಾರು 0.3 ಸೆಕೆಂಡ್, ಎಸಿಬಿ ಬೀಳಲು ಇನ್ನೊಂದು 0.05ರಿಂದ 0.08 ಸೆಕೆಂಡ್. ಅಷ್ಟರಲ್ಲಿ ಮುಳ್ಳು 13 ಡಿಗ್ರಿ ಹೋಗಿರುತ್ತದೆ. ಗಡಿಯಾರದ ಮುಖದ ಲೆಕ್ಕದಲ್ಲಿ (ಒಂದು ನಿಮಿಷಕ್ಕೆ 6 ಡಿಗ್ರಿ) ಎರಡು ನಿಮಿಷ. 4 ಸೆಕೆಂಡಿಗೆ ಒಂದು ಸುತ್ತು ಹೋಗುವ ಮುಳ್ಳಾದರೆ ಆ ಹೊತ್ತಿಗೆ 30 ಡಿಗ್ರಿ ದಾಟಿರುತ್ತದೆ, ಅದಕ್ಕೆ 5 ನಿಮಿಷದ ಮಾತು ಸರಿ. ಆದರೆ ಅಷ್ಟು ಜೋರಿರುವಾಗ ಒತ್ತಲೇಬೇಡಿ. ನಿಧಾನ ಮಾಡಿ, ಎರಡು ನಿಮಿಷ ಮುಂಚೆ ಒತ್ತಿ.

ಮುಳ್ಳು 12 ದಾಟಿದ ಮೇಲೆ ಕೈ ಹಿಂದಕ್ಕೆ. ಇನ್ನೊಂದು ಸುತ್ತು ಬರುತ್ತದೆ, ಕಾಯಿರಿ. ಮುಳ್ಳು 12ರಲ್ಲೇ ಅಂಟಿಕೊಂಡು ನಿಂತಿದ್ದರೂ ಒತ್ತಬೇಡಿ, ಮೀಟರೇ ಸಿಕ್ಕಿಹಾಕಿಕೊಂಡಿರಬಹುದು. ಗವರ್ನರ್ ಚೂರು ಏರಿಸಿ ಮುಳ್ಳು ಅಲುಗುತ್ತದಾ ನೋಡಿ. ಸಿಂಕ್ ಚೆಕ್ ರಿಲೇ ಇದ್ದರೆ ಅದನ್ನು ಬೈಪಾಸ್ ಮಾಡಬೇಡಿ. ಬ್ರೇಕರ್ ಬೀಳುತ್ತಿಲ್ಲ ಅಂದರೆ ಏನೋ ಕೂಡುತ್ತಿಲ್ಲ ಅಂತಲೇ ಅರ್ಥ.

ಹೆಜ್ಜೆ 6. ಸಿಂಕ್ರೊಸ್ಕೋಪ್ ಆಫ್ ಮಾಡಿ. ಹಳೆಯ ಮೀಟರ್‌ಗಳು ತುಂಬಾ ಹೊತ್ತು ಆನ್ ಇದ್ದರೆ ಬಿಸಿಯಾಗಿ ಹಾಳಾಗುತ್ತವೆ.

ಲೋಡ್ ಹಂಚಿಕೆ

ಮೊದಮೊದಲು ನಾನು ಬ್ರೇಕರ್ ಬಿದ್ದ ಕೂಡಲೇ ಉಸ್ಸಪ್ಪಾ ಅಂತ ಹೊರಗೆ ಬರುತ್ತಿದ್ದೆ. ನಮ್ಮ ಮೇಸ್ತ್ರಿ ಕರೆದು ನಿಲ್ಲಿಸಿದರು. "ನೊಗ ಕಟ್ಟಿದ್ರ ಮುಗೀತೇನೋ ತಮ್ಮಾ? ಎತ್ತು ಎಳ್ಯಾಕತ್ತದೋ ಇಲ್ಲೋ ನೋಡಬ್ಯಾಡೇನು?" ಅಂದರು. "ಹೂಂ ಅಣ್ಣ" ಅಂತ ವಾಪಸ್ ಪ್ಯಾನೆಲ್ ಮುಂದೆ ಹೋಗಿ ನಿಂತೆ.

ಇಲ್ಲಿ ಒಂದು ಮಾತು ತಲೆಯಲ್ಲಿ ಕೂರಬೇಕು. ಕಿಲೋವ್ಯಾಟ್ ಡೀಸೆಲ್‌ನಿಂದ ಬರುತ್ತದೆ, ಅದನ್ನು ಗವರ್ನರ್‌ನಿಂದ ತಿದ್ದಬೇಕು. ಕೆವಿಎಆರ್ (ಮೋಟಾರ್‌ಗಳ ಕಾಂತಕ್ಷೇತ್ರಕ್ಕೆ ಬೇಕಾದ, ನೇರ ಕೆಲಸ ಮಾಡದ ಪವರ್) ಎಕ್ಸೈಟೇಶನ್‌ನಿಂದ, ಅಂದರೆ ರೋಟರ್‌ಗೆ ಕೊಡುವ ಡಿಸಿ ಕರೆಂಟ್‌ನಿಂದ ಬರುತ್ತದೆ, ಅದನ್ನು ಎವಿಆರ್‌ನಿಂದ ತಿದ್ದಬೇಕು. ಲೋಡ್ ತೆಗೆದುಕೊಳ್ಳುತ್ತಿಲ್ಲ ಅಂತ ವೋಲ್ಟೇಜ್ ಪಾಟ್ ತಿರುಗಿಸುವವರು ತುಂಬಾ ಜನ. ಆಂಪಿಯರ್ ಏರುತ್ತದೆ, ಕಿಲೋವ್ಯಾಟ್ ಏರುವುದಿಲ್ಲ. ಎರಡು ಸೆಟ್ ನಡುವೆ ಸುಮ್ನೆ ಸುತ್ತುವ ಕರೆಂಟ್ ಅದು.

ನಮ್ಮ ಸೆಟ್‌ಗಳನ್ನೇ ತೆಗೆದುಕೊಳ್ಳಿ. 0.8 ಪವರ್ ಫ್ಯಾಕ್ಟರ್‌ನಲ್ಲಿ (ಕೆವಿಎಯಲ್ಲಿ ಕಿಲೋವ್ಯಾಟ್ ಎಷ್ಟು ಪಾಲು ಅನ್ನುವ ಲೆಕ್ಕ) 250 ಕೆವಿಎ ಅಂದರೆ 200 ಕಿಲೋವ್ಯಾಟ್, 125 ಅಂದರೆ 100. ಗಿರಣಿ ಲೋಡ್ 180 ಇದ್ದರೆ ಹಂಚಿಕೆ 120 ಮತ್ತು 60 ಆಗಬೇಕು. ಎರಡೂ ಶೇಕಡಾ 60. ಇಬ್ಬರಿಗೂ ಸಮ ಅಂತ 90-90 ಮಾಡಿದರೆ ಚಿಕ್ಕದು ಉಸಿರು ಬಿಡುತ್ತಿರುತ್ತದೆ.

ಎರಡಕ್ಕೂ ಶೇಕಡಾ 4 ಡ್ರೂಪ್ (ಲೋಡ್ ಏರಿದಂತೆ ವೇಗ ಇಳಿಯುವ ಪ್ರಮಾಣ) ಇಟ್ಟಿದ್ದೇವೆ ಅನ್ನೋಣ. ಲೋಡ್ ಇಲ್ಲದಾಗ 52 ಹರ್ಟ್ಜ್, ಪೂರ್ತಿ ಲೋಡ್‌ಗೆ 50. ಎರಡೂ ಹೀಗೇ ಇದ್ದರೆ 180 ಕಿಲೋವ್ಯಾಟ್‌ಗೆ ಬಸ್ 50.8ಕ್ಕೆ ನಿಲ್ಲುತ್ತದೆ, ಹಂಚಿಕೆ ತಾನಾಗಿಯೇ 120-60 ಬರುತ್ತದೆ. ಈಗ ಚಿಕ್ಕ ಸೆಟ್‌ನ ಖಾಲಿ ವೇಗ 51 ಮಾಡಿ ನೋಡಿ. ಬಸ್ ಸುಮಾರು 50.5ಕ್ಕೆ ಇಳಿಯುತ್ತದೆ. ದೊಡ್ಡದರ ಮೇಲೆ 153, ಚಿಕ್ಕದರ ಮೇಲೆ ಬರೀ 27. ಒಂದು ಹರ್ಟ್ಜ್ ತಪ್ಪಿದ್ದಕ್ಕೆ ಇಷ್ಟು! ಅದಕ್ಕೇ ಗವರ್ನರ್ ಪಾಟ್ ಚೂರು ಚೂರೇ ತಿರುಗಿಸಿ. ಒಂದನ್ನು ಏರಿಸುವಾಗ ಇನ್ನೊಂದನ್ನು ಅಷ್ಟೇ ಇಳಿಸಿ. ಇಲ್ಲದಿದ್ದರೆ ಹಂಚಿಕೆ ಸರಿಹೋದರೂ ಬಸ್ ಫ್ರೀಕ್ವೆನ್ಸಿ ಜರುಗುತ್ತದೆ.

ಕಿಲೋವ್ಯಾಟ್ ಸರಿಯಾದ ಮೇಲೆ ಪವರ್ ಫ್ಯಾಕ್ಟರ್ ನೋಡಿ. ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು 0.95, ಇನ್ನೊಂದು 0.6 ಲ್ಯಾಗ್ ತೋರಿಸಿದರೆ, 0.6 ಇರುವ ಸೆಟ್ ಕೆವಿಎಆರ್ ಜಾಸ್ತಿ ಹೊತ್ತಿದೆ. ಅದರ ವೋಲ್ಟೇಜ್ ಸ್ವಲ್ಪ ಇಳಿಸಿ, ಇನ್ನೊಂದರದ್ದು ಸ್ವಲ್ಪ ಏರಿಸಿ. ಎಷ್ಟು ತಿದ್ದಿದರೂ ಲೋಡ್ ಬದಲಾದಾಗಲೆಲ್ಲ ಮತ್ತೆ ಕೆಟ್ಟರೆ ಡ್ರೂಪ್ ಸಿಟಿ ನೋಡಿ. ಅದು ಉಲ್ಟಾ ಕಟ್ಟಿರಬಹುದು, ಇಲ್ಲಾ ತಪ್ಪು ಫೇಸ್‌ನಲ್ಲಿರಬಹುದು. ಆಲ್ಟರ್ನೇಟರ್ ಬಿಚ್ಚಿ ಕಟ್ಟಿದವರ ಕೈ ಇಲ್ಲೂ ತಪ್ಪಿರುತ್ತದೆ.

ರಿವರ್ಸ್ ಪವರ್ ರಿಲೇ (ಪವರ್ ಸೆಟ್‌ನೊಳಕ್ಕೆ ಹಿಂದೆ ಹರಿದರೆ ಬ್ರೇಕರ್ ತೆಗೆಯುವ ಸಾಧನ) ಇಲ್ಲದೆ ಜೋಡಿ ಓಡಿಸಬೇಡಿ. ಒಂದು ಎಂಜಿನ್‌ಗೆ ಡೀಸೆಲ್ ಬರದೆ ನಿಂತರೆ ಇನ್ನೊಂದು ಸೆಟ್ ಅದನ್ನು ಮೋಟಾರ್ ಮಾಡಿ ತಿರುಗಿಸುತ್ತದೆ. ಆ ರಿಲೇಯನ್ನು ರೇಟಿಂಗ್‌ನ ಶೇಕಡಾ 8ರಿಂದ 10ಕ್ಕೆ, ತಡ 5 ಸೆಕೆಂಡ್ ಆಸುಪಾಸು ಇಟ್ಟರೆ ಡೀಸೆಲ್ ಸೆಟ್‌ಗೆ ಸಾಮಾನ್ಯವಾಗಿ ಸಾಕು. ಎಂಜಿನ್ ಕಂಪನಿ ಬೇರೆ ಹೇಳಿದ್ದರೆ ಅದೇ ಇಡಿ.

ನ್ಯೂಟ್ರಲ್, ಸೋಲಾರ್, ಧೂಳು

ಎರಡು ಆಲ್ಟರ್ನೇಟರ್ ಬೇರೆ ಬೇರೆ ಮಾಡೆಲ್ ಆಗಿದ್ದು ವೈಂಡಿಂಗ್ ಪಿಚ್ (ಸುರುಳಿಯ ಅಗಲ) ಬೇರೆ ಇದ್ದರೆ, ಎರಡರ ನ್ಯೂಟ್ರಲ್ ಕೂಡಿಸಿದಾಗ ಮೂರನೇ ಹಾರ್ಮೋನಿಕ್ (ಮೂರು ಪಟ್ಟು ಫ್ರೀಕ್ವೆನ್ಸಿಯ) ಕರೆಂಟ್ ಅದರಲ್ಲಿ ಸುತ್ತುತ್ತದೆ. ನ್ಯೂಟ್ರಲ್ ಕೇಬಲ್ ಮೇಲೆ ಕ್ಲ್ಯಾಂಪ್ ಮೀಟರ್ ಹಾಕಿ. ಲೋಡ್ ಬ್ಯಾಲೆನ್ಸ್ ಇದ್ದರೂ ಕರೆಂಟ್ ಜೋರಾಗಿ ಕಂಡರೆ ಇದೇ ಕಾರಣ ಇರಬಹುದು. ಆಗ ನ್ಯೂಟ್ರಲ್ ಕಾಂಟ್ಯಾಕ್ಟರ್ ಹಾಕಿಸಿ, ಜೋಡಿ ಓಡುವಾಗ ಒಂದೇ ಸೆಟ್‌ನ ನ್ಯೂಟ್ರಲ್ ಕೂಡಿರುವಂತೆ ಮಾಡಬೇಕು.

ಗಿರಣಿ ಶೆಡ್ ಮೇಲೆ ಸೋಲಾರ್ ಇದ್ದರೆ ಅದರ ಇನ್ವರ್ಟರ್ ಡಿಜಿ ಬಸ್ಸನ್ನೇ ಗ್ರಿಡ್ ಅಂದುಕೊಂಡು ಸೇರಬಹುದು. ಮಧ್ಯಾಹ್ನ ಲೋಡ್ ಕಡಿಮೆಯಾದಾಗ ಸೆಟ್ ಮೇಲೆ ಏನೂ ಉಳಿಯುವುದಿಲ್ಲ, ಕೆಲವೊಮ್ಮೆ ಕರೆಂಟ್ ಹಿಂದಕ್ಕೇ ನುಗ್ಗುತ್ತದೆ. ಡಿಜಿ ಓಡುವಾಗ ಸೋಲಾರ್ ತಗ್ಗಿಸುವ ಕಂಟ್ರೋಲರ್ ಬೇಕು, ಇಲ್ಲದಿದ್ದರೆ ಸೋಲಾರ್ ಬ್ರೇಕರ್ ತೆಗೆದಿಡಿ. ಶೇಕಡಾ 30ಕ್ಕಿಂತ ಕಡಿಮೆ ಲೋಡ್‌ನಲ್ಲಿ ಡೀಸೆಲ್ ಎಂಜಿನ್ ತುಂಬಾ ಹೊತ್ತು ಓಡಬಾರದು. ಸುಡದೆ ಉಳಿದ ಡೀಸೆಲ್ ಸೈಲೆನ್ಸರ್‌ನಲ್ಲಿ ಎಣ್ಣೆಯ ಹಾಗೆ ಜಿನುಗುತ್ತದೆ.

ಮೇ ತಿಂಗಳಲ್ಲಿ ರೇಡಿಯೇಟರ್‌ಗೆ ಭತ್ತದ ಧೂಳು ಮೆತ್ತಿದ್ದರೆ ಪ್ಲೇಟ್ ಮೇಲೆ ಬರೆದಷ್ಟು ಲೋಡ್ ಸೆಟ್ ಎಳೆಯುವುದಿಲ್ಲ. ಬಿಸಿಯಾಗಿ ಒಂದು ಟ್ರಿಪ್ ಆದರೆ ಪೂರ್ತಿ ಲೋಡ್ ಇನ್ನೊಂದರ ಮೇಲೆ ಬಿದ್ದು ಅದೂ ಟ್ರಿಪ್. ಯಾವ ಮೋಟಾರ್‌ಗಳು ಮೊದಲು ಆಫ್ ಆಗಬೇಕು ಅಂತ ಮೊದಲೇ ತೀರ್ಮಾನಿಸಿ ವೈರಿಂಗ್ ಮಾಡಿಸಿಡಿ. ನಮ್ಮಲ್ಲಿ ಪಾಲಿಷರ್ ಮೊದಲು, ಬಾಯ್ಲರ್ ಫ್ಯಾನ್ ಕೊನೆಗೆ.

ಆಟೋ ಮಾಡ್ಯೂಲ್ ಇದ್ದರೆ

ಈಗ ಡೀಪ್ ಸೀ, ಕಾಮ್‌ಆಪ್, ವುಡ್‌ವರ್ಡ್ ತರಹದ ಕಂಟ್ರೋಲರ್‌ಗಳು ವೋಲ್ಟೇಜ್, ವೇಗ, ಕೋನ ಎಲ್ಲ ತಾವೇ ಕೂಡಿಸಿ ಬ್ರೇಕರ್ ಹಾಕುತ್ತವೆ, ಲೋಡೂ ಹಂಚುತ್ತವೆ. ಒಳ್ಳೆಯದೇ. ಆದರೆ ಅವು ನೋಡುವುದು ತಮಗೆ ಬಂದ ಸೆನ್ಸಿಂಗ್ ವೈರ್‌ಗಳನ್ನು ಮಾತ್ರ. ವೈರ್ ಒಂದು ಫೇಸ್‌ನದು, ಮೇನ್ ಕೇಬಲ್ ಇನ್ನೊಂದು ಫೇಸ್‌ನದು ಆಗಿದ್ದರೆ ಮಾಡ್ಯೂಲ್ ತುಂಬಾ ನಿಖರವಾಗಿ ತಪ್ಪು ಕ್ಷಣಕ್ಕೇ ಬ್ರೇಕರ್ ಹಾಕುತ್ತದೆ. ಮೇಲೆ ಹೇಳಿದ ಮೊದಲ ಸಿಂಕ್ ಪರೀಕ್ಷೆ ಆಟೋ ಪ್ಯಾನೆಲ್‌ಗೂ ತಪ್ಪಿದ್ದಲ್ಲ.

ಸೆಟ್ ಇಳಿಸುವುದು

ಇಳಿಸಬೇಕಾದ ಸೆಟ್‌ನ ಗವರ್ನರ್ ನಿಧಾನ ಇಳಿಸಿ. ಲೋಡ್ ಇನ್ನೊಂದಕ್ಕೆ ಹೋಗುತ್ತದೆ. ಅದು ಪೂರ್ತಿ ಹೊರಬಲ್ಲದೇ ಅಂತ ಮೊದಲೇ ಲೆಕ್ಕ ಹಾಕಿರಬೇಕು. 10 ಕಿಲೋವ್ಯಾಟ್ ಆಸುಪಾಸು ಉಳಿದಾಗ ಬ್ರೇಕರ್ ತೆಗೆಯಿರಿ. ಸೊನ್ನೆ ದಾಟಿಸಿದರೆ ರಿವರ್ಸ್ ಪವರ್. ಆಮೇಲೆ ಎಂಜಿನ್ ಮೂರರಿಂದ ಐದು ನಿಮಿಷ ಖಾಲಿ ಓಡಲಿ, ಟರ್ಬೊ ತಣ್ಣಗಾಗಲಿ, ಆಮೇಲೆ ನಿಲ್ಲಿಸಿ.

ನಮ್ಮ ಡಿಜಿ ರೂಮಿನ ರಿಜಿಸ್ಟರ್‌ನಲ್ಲಿ ಆ ಅಪಘಾತದ ಮೇಲೆ ಒಂದು ಕಾಲಂ ಜಾಸ್ತಿಯಾಯಿತು: "ಕೇಬಲ್ ಬಿಚ್ಚಿದ ದಿನ, ಫೇಸ್ ನೋಡಿದವರ ಸಹಿ." ಬಿಚ್ಚುವ ಮುಂಚೆ ಪ್ರತಿ ಕೇಬಲ್‌ಗೂ ತಗಡಿನ ಟ್ಯಾಗ್ ಕಟ್ಟಿ, ಮೊಬೈಲ್‌ನಲ್ಲಿ ಫೋಟೋ ತೆಗೆದಿಡುತ್ತೇವೆ. ಆ ಸಹಿ ಬೀಳುವ ತನಕ ಸಿಂಕ್ ಸ್ವಿಚ್‌ನ ಕೀಲಿ ಮೇಸ್ತ್ರಿಯ ಜೇಬಿನಲ್ಲೇ ಇರುತ್ತದೆ.